ಬೆಲ್ಲದ ಮೇಸ್ತ್ರಿ

ಅವರ ಹತ್ತು ಬೆರಳುಗಳ ತುದಿಯಲ್ಲೂ ಗೆರೆಗಳಿರಲಿಲ್ಲ. ನಲವತ್ತು ವರ್ಷದ ಸುಣ್ಣ, ಸಿಮೆಂಟು ಸೇರಿ ಅವನ್ನು ತಿಂದುಹಾಕಿದ್ದವು. ತುದಿಗಳು ಹೊಳೆಯ ಕಲ್ಲಿನ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ರೇಷನ್ ಕಾರ್ಡಿನ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಒಂದು ನೀಲಿ ಮಚ್ಚೆ ಬೀಳುತ್ತಿತ್ತೇ ವಿನಾ ಗುರುತು ಮೂಡುತ್ತಿರಲಿಲ್ಲ. ಗುಮಾಸ್ತ ರೇಗಿ "ಇನ್ನೊಂದ್ಸಲ ಒತ್ತಯ್ಯ" ಎಂದಾಗ ಇವರು, "ಸಾರ್, ಅದೆಲ್ಲಾ ಗೋಡೆಗೆ ಹೋಗ್ಬಿಟ್ಟಿದೆ. ಊರೆಲ್ಲಾ ಸುತ್ತಿ ಕೆರ್ಕೊಂಡು ಬರ್ಲಾ?" ಎಂದರಂತೆ. ಕೊನೆಗೆ ಐವತ್ತು ದಾಟಿದ ಮೇಲೆ ಸಹಿ ಕಲಿತರು. ಅರ್ಧ ತಮಿಳು, ಅರ್ಧ ಕನ್ನಡ ಅಕ್ಷರ ಸೇರಿದ ಆ ಸಹಿಯನ್ನು ಅವರೇ ಎರಡು ಸಲ ಒಂದೇ ಥರ ಹಾಕಿದ್ದನ್ನು ನಾನು ಕಾಣೆ.

ನಾನು ಅವರನ್ನು ಮೊದಲು ನೋಡಿದ್ದು ತೊಂಬತ್ತರ ದಶಕದ ನಡುವೆ. ಸಿವಿಲ್ ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಿಂದ ಸ್ವಲ್ಪ ಆಚೆಗಿದ್ದ ಒಂದು ಶೆಡ್ಡಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ನಿವೃತ್ತ ಇಂಜಿನಿಯರೊಬ್ಬರು ನಡೆಸುತ್ತಿದ್ದ ಶೆಡ್ಡು ಅದು. ಸುಟ್ಟ ಇಟ್ಟಿಗೆ ಬೇಡ, ಮಣ್ಣಿಗೆ ಒಂದಿಷ್ಟು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆ ಸಾಕು. ಸ್ಲ್ಯಾಬಿನ ಹೊಟ್ಟೆಯಲ್ಲಿ ಕಾಂಕ್ರೀಟಿನ ಬದಲು ಹಳೆಯ ಮಂಗಳೂರು ಹೆಂಚು ಇಟ್ಟರೆ ಅಷ್ಟು ಸಿಮೆಂಟು ಉಳಿಯುತ್ತದೆ. ಇಂಥ ಹುಚ್ಚುಗಳು ಅವರಿಗೆ. ಪರಿಸರಸ್ನೇಹಿ ಎನ್ನುವ ಮಾತು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಶೆಡ್ಡಿನ ಯಜಮಾನರಾದ ಅವರು "ಕಡಿಮೆ ಸುಡೋ ಮನೆ" ಎನ್ನುತ್ತಿದ್ದರು. ಊರಿನವರು "ಬಡವರ ಮನೆ" ಎನ್ನುತ್ತಿದ್ದರು. ಅಂಥ ಮನೆ ಕಟ್ಟಿಸಲು ಒಪ್ಪುವವರು ವರ್ಷಕ್ಕೆ ನಾಲ್ಕೈದು ಮಂದಿ ಸಿಕ್ಕರೆ ಹೆಚ್ಚು.

ಮೇಸ್ತ್ರಿಗಳು ಭದ್ರಾವತಿಯವರು. ಬೆಳಗಿನ ಬಸ್ಸಿಗೆ ಬಂದು, ಕೈಯಲ್ಲಿ ಸ್ಟೀಲ್ ಕ್ಯಾರಿಯರ್ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತವರು, "ಹೊಸ ಇಂಜಿನಿಯರ್ ಬಂದಿದಾರಂತೆ, ಎಲ್ಲಿ?" ಎಂದು ನನ್ನ ತಲೆಯ ಮೇಲಿಂದ ಒಳಗೆ ನೋಡಿದರು. ನಾನೇ ಎಂದೆ. ಅವರು ಕ್ಯಾರಿಯರ್ ಕೆಳಗಿಟ್ಟು, ನನ್ನನ್ನೊಮ್ಮೆ ನೋಡಿ, ನಗು ತಡೆದುಕೊಂಡು, "ಹಂಗಾದ್ರೆ ಇಂಜಿನಿಯರಮ್ಮ ಅಂತೀನಿ. ಆಗ್ಬೋದಾ?" ಎಂದರು. ಮಗಳ ವಯಸ್ಸಿನ ನನ್ನನ್ನು ಅವರು ಕೊನೆಯವರೆಗೂ ಏಕವಚನದಲ್ಲಿ ಕರೆಯಲಿಲ್ಲ. ನಾನು ಎಷ್ಟೋ ಸಲ ಹೇಳಿ ನೋಡಿದೆ. "ಸ್ಲ್ಯಾಬ್ ಮೇಲೆ ನಿಂತಾಗ ನಾನೇ ನಿಮ್ಮನ್ನ ಬಾರೇ ಹೋಗೇ ಅಂದ್ರೆ ಬಾಂಡ್ಲಿ ಹೊರೋರು ನಿಮ್ಮ ಮಾತು ಕೇಳ್ತಾರಾ?" ಎನ್ನುತ್ತಿದ್ದರು.

ಅವರ ತಂದೆ ಗಾರೆ ಕೆಲಸದವರು. ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್ ಕಟ್ಟುವ ಕಾಲದಲ್ಲಿ ತಮಿಳು ಸೀಮೆಯಿಂದ ಭದ್ರಾವತಿಗೆ ಬಂದು ಅಲ್ಲೇ ಉಳಿದವರು. ಸುಣ್ಣವನ್ನು ವಾರಗಟ್ಟಲೆ ನೆನೆಸಿ, ಮರಳು ಬೆರೆಸಿ, ಕಲ್ಲಿನ ಗಾಣದಲ್ಲಿ ಅರೆದು, ಅಳಲೆಕಾಯಿಯ ನೀರು ಮತ್ತು ಬೆಲ್ಲದ ನೀರು ಹಾಕಿ ಹದ ಮಾಡುತ್ತಿದ್ದ ಆ ಗಾರೆಯ ವಿಷಯ ತೆಗೆದರೆ ಮೇಸ್ತ್ರಿಗಳ ದನಿಯೇ ಬೇರೆಯಾಗುತ್ತಿತ್ತು. "ನಮ್ಮಪ್ಪ ಗಾರೆ ತಟ್ಟಿದ ಟ್ಯಾಂಕು ಇವತ್ತೂ ಒಂದ್ ತೊಟ್ಟು ಸೋರಲ್ಲ. ನಿಮ್ ಸಿಮೆಂಟಿಗೆ ಅವಸರ ಜಾಸ್ತಿ ಅಮ್ಮ. ಬೆಳಗ್ಗೆ ಕಲಸಿದ್ರೆ ಸಾಯಂಕಾಲ ಕಲ್ಲಾಗ್ಬೇಕು ಅಂತದೆ." ಸಿಮೆಂಟಿನಲ್ಲೇ ಬದುಕು ಕಳೆದವರಾದರೂ ಅದರ ಮೇಲೆ ಅವರಿಗೆ ಪ್ರೀತಿ ಅಷ್ಟಕ್ಕಷ್ಟೆ.

ಮರಳಿನ ಲೋಡು ಬಂದರೆ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಹಿಡಿದು ಉಜ್ಜುತ್ತಿದ್ದರು. ಕರಕರ ಎಂದರೆ ಸರಿ. ಸದ್ದಿಲ್ಲದಿದ್ದರೆ ಮಣ್ಣು ಸೇರಿದೆ ಎಂದು ಲಾರಿಯವನನ್ನು ವಾಪಸ್ ಕಳಿಸುತ್ತಿದ್ದರು. ನಾನು ಗಾಜಿನ ಜಾಡಿಯಲ್ಲಿ ನೀರು ಹಾಕಿ, ಮರಳು ಕದಡಿ, ಮೂರು ಗಂಟೆ ಕಾದು ಅದೇ ತೀರ್ಮಾನಕ್ಕೆ ಬರುತ್ತಿದ್ದೆ. ಒಡೆದ ಹೆಂಚು, ಚೂರು ಇಟ್ಟಿಗೆ, ತುಂಡು ಟೈಲ್ಸು ಯಾವುದನ್ನೂ ಎಸೆಯಲು ಬಿಡುತ್ತಿರಲಿಲ್ಲ. "ಒಡೆದಿದ್ದು ಅಂತ ಯಾವುದೂ ಇಲ್ಲ ಅಮ್ಮ. ಅಳತೆ ಬದಲಾಗಿರ್ತದೆ ಅಷ್ಟೆ." ಸ್ಲ್ಯಾಬಿಗೆ ನೀರು ಕುಡಿಸುವ ವಿಷಯದಲ್ಲಂತೂ ಅವರು ಯಾರನ್ನೂ ನಂಬುತ್ತಿರಲಿಲ್ಲ. ಭಾನುವಾರ ರಜೆಯ ದಿನವೂ ಬಸ್ ಹತ್ತಿ ಬಂದು ಗೋಣಿಚೀಲ ನೆನೆಸಿ ಹೋಗುತ್ತಿದ್ದರು. ಕಾಂಕ್ರೀಟು ಎಷ್ಟು ಇಳಿಯುತ್ತದೆ ಎಂದು ಅಳೆಯುವ ನನ್ನ ತಗಡಿನ ಕೊಳವೆಗೆ ಅವರು ಇಟ್ಟ ಹೆಸರು ಟೋಪಿ. ಕಾಂಕ್ರೀಟಿಗೆ ನೀರು ಕಡಿಮೆ ಸಾಕಾಗಲಿ ಎಂದು ಹಾಕುತ್ತಿದ್ದ ಪ್ಲಾಸ್ಟಿಸೈಸರ್ ಎಂಬ ಕಂದು ಬಣ್ಣದ ದ್ರವ ಅವರ ಬಾಯಲ್ಲಿ ಟಾನಿಕ್ ಆಯಿತು. "ಟಾನಿಕ್ ಕುಡಿಸಿ, ಟೋಪಿ ಹಾಕಿ, ಆಮೇಲೆ ಮನೆ ಕಟ್ತಾರೆ ನಮ್ಮ ಇಂಜಿನಿಯರಮ್ಮ" ಎಂದು ಆಳುಗಳ ಮುಂದೆ ರೇಗಿಸುವುದು, ಅವರು ನಕ್ಕರೆ "ಏನ್ರೋ ನಗ್ತೀರಾ, ಹೇಳಿದ್ದಷ್ಟು ಮಾಡಿ" ಎಂದು ಅವರನ್ನೇ ಗದರುವುದು.

ಅವರ ಕ್ಯಾರಿಯರ್‌ನಲ್ಲಿ ನಾಲ್ಕು ಡಬ್ಬಿ. ಮೇಲಿನದು ನನಗೆ. ನಾನು ಹಾಸ್ಟೆಲಿನಲ್ಲಿದ್ದೇನೆ ಎಂದು ಗೊತ್ತಾದ ಮರುದಿನದಿಂದ ಅವರ ಹೆಂಡತಿ ಕಳಿಸುತ್ತಿದ್ದ ಪುಳಿಯೋಗರೆ, ಇಲ್ಲವೇ ನಿಂಬೆಹಣ್ಣಿನ ಚಿತ್ರಾನ್ನ. ಆಕೆ ನನ್ನನ್ನು ಇನ್ನೂ ಕಂಡೇ ಇರಲಿಲ್ಲ. ಮೊದಲ ಸಲ ಅವರ ಮನೆಗೆ ಹೋದಾಗ ಬಾಗಿಲಲ್ಲೇ ನನ್ನ ಗಲ್ಲ ಸವರಿ "ಸಾಪ್ಟಿಯಾ ಕಣ್ಣು?" ಎಂದರು. ಊಟ ಆಯಿತೇ ಕಂದಾ ಎಂಬುದನ್ನು ಮಾತ್ರ ಅವರು ತಮಿಳಿನಲ್ಲೇ ಕೇಳುತ್ತಿದ್ದರು, ಉಳಿದದ್ದೆಲ್ಲ ಕನ್ನಡ. ಆಯಿತು ಎಂದರೂ ತಟ್ಟೆ ಬರುತ್ತಿತ್ತು.

ಇನ್ನು ಆ ಸ್ಲ್ಯಾಬಿನ ವಿಷಯ. ಅದನ್ನು ಹೇಳದೆ ಅವರ ಬಗ್ಗೆ ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಒಬ್ಬ ಹೆಂಗಸು ಆಲ್ಕೊಳದ ಕಡೆ ಪುಟ್ಟ ಸೈಟು ತೆಗೆದುಕೊಂಡು, ಮನೆ ಕಟ್ಟಿಕೊಡಿ ಎಂದು ನಮ್ಮ ಶೆಡ್ಡಿಗೆ ಬಂದರು. ಯಜಮಾನರು ಆ ಮನೆಯನ್ನು ಪೂರ್ತಿಯಾಗಿ ನನ್ನ ಕೈಗೆ ಬಿಟ್ಟರು. ನನ್ನ ಮೊದಲ ಸ್ಲ್ಯಾಬು. ಒಳಗೆ ಹಳೆಯ ಹೆಂಚು, ಕಿಟ್ಟ ಬೆರೆತ ಸಿಮೆಂಟು, ಜೊತೆಗೆ ಟಾನಿಕ್. ನಮ್ಮ ಹುಚ್ಚುಗಳೆಲ್ಲ ಒಂದೇ ಸೂರಿನಲ್ಲಿ. ಇದು ಕೆಟ್ಟರೆ ಊರಿನಲ್ಲಿ ಇನ್ನು ಯಾರೂ ನಮ್ಮ ಶೆಡ್ಡಿನ ಕಡೆ ತಲೆ ಹಾಕುವುದಿಲ್ಲ, ಹುಡುಗಿಯೊಬ್ಬಳ ಕೈಗೆ ಸ್ಲ್ಯಾಬು ಕೊಡುವುದಂತೂ ದೂರದ ಮಾತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಸಿಮೆಂಟಿನ ಚೀಲ ಬಿಚ್ಚಿದಾಗ ಮೇಸ್ತ್ರಿಗಳು ಮೂಗು ಮುರಿದರು. "ಇದೇನಮ್ಮ, ಬಣ್ಣ ಸಪ್ಪೆ. ಬೂದಿನಾ?"

"ಬೂದಿ ಅಲ್ಲ ಮೇಸ್ತ್ರಿಗಳೇ. ಕಿಟ್ಟ. ಕಬ್ಬಿಣ ಕರಗಿಸುವಾಗ ಮೇಲೆ ತೇಲುತ್ತಲ್ಲ, ನಿಮ್ಮೂರಲ್ಲಿ ಗುಡ್ಡೆಗಟ್ಟಲೆ ಬಿದ್ದಿರ್ತಿತ್ತಲ್ಲ, ಅಂಥದ್ದು. ಅದನ್ನ ನುಣ್ಣಗೆ ಅರೆದು ಸಿಮೆಂಟಿಗೆ ಬೆರೆಸ್ತಾರೆ. ಸುಮ್ನೆ ಬಿಸಾಕೋದು ತಪ್ಪುತ್ತೆ, ಸಿಮೆಂಟು ಸುಡೋದೂ ಕಮ್ಮಿ ಆಗುತ್ತೆ."

"ಕಿಟ್ಟ ಹೆಂಗೆ ಹಿಡೀತದೆ?"

"ಅದರಲ್ಲಿ ಸುಣ್ಣ ಇದೆ. ಒಂಥರಾ ನಿಮ್ಮ ಗಾರೆಯ ನೆಂಟ ಅಂತ ಇಟ್ಕೊಳ್ಳಿ. ನಿಧಾನಕ್ಕೆ ಗಟ್ಟಿಯಾಗುತ್ತೆ. ವರ್ಷ ಹೋದಂಗೆ ಬಲ ಜಾಸ್ತಿ."

ಅವರ ಮುಖ ಅರಳಿತು. ಒಂದು ಚಿಟಿಕೆ ಪುಡಿ ತೆಗೆದು ಅಂಗೈಯಲ್ಲಿ ತಿಕ್ಕಿ ನೋಡಿದರು. "ಗಾರೆಯ ನೆಂಟ" ಎಂದು ತಮಗೆ ತಾವೇ ಹೇಳಿಕೊಂಡರು. ಹಳೆಯ ಮೇಸ್ತ್ರಿಯ ಮನಸ್ಸನ್ನು ಒಂದೇ ಮಾತಿನಲ್ಲಿ ಗೆದ್ದೆ ಎಂದು ನಾನು ಬೀಗಿದೆ.

ಒಂದು ಗುರುವಾರ ಬೆಳಗ್ಗೆ ಕಾಯಿ ಒಡೆದು ಸ್ಲ್ಯಾಬು ಹಾಕಿದೆವು. ಮಿಕ್ಸರಿನ ಪಕ್ಕ ನಿಂತು ಚೀಲಕ್ಕೆ ಒಂದು ಅಳತೆಯಂತೆ ಟಾನಿಕ್ ಹಾಕಿದವಳು ನಾನೇ. ಕಾಂಕ್ರೀಟು ಅವತ್ತು ಎಷ್ಟು ಸಲೀಸಾಗಿ ಹರಿಯಿತೆಂದರೆ ನನಗೇ ಹೆಮ್ಮೆ. ಸಂಜೆಗೆ ಕೆಲಸ ಮುಗಿಯಿತು. ಎಲ್ಲರಿಗೂ ನರ್ಸಮ್ಮ ಬಜ್ಜಿ, ಟೀ ಕೊಟ್ಟರು.

ಶುಕ್ರವಾರ ಬೆಳಗ್ಗೆ ಏಣಿ ಹತ್ತಿ ಉಗುರು ಒತ್ತಿದೆ, ಒಳಗೆ ಹೋಯಿತು. ನಿಧಾನದ ಸಿಮೆಂಟು, ಇರಲಿ ಎಂದುಕೊಂಡೆ. ಶನಿವಾರವೂ ಉಗುರು ಒಳಗೆ ಹೋಯಿತು. ಅಷ್ಟು ಹೊತ್ತಿಗೆ ಸ್ಲ್ಯಾಬು ಕಲ್ಲಾಗಿರಬೇಕಿತ್ತು. ನನಗೆ ಅನ್ನ ಸೇರಲಿಲ್ಲ. ಅವತ್ತು ಸಂಜೆ ಕೈ ತೊಳೆಯುತ್ತಾ ಮೇಸ್ತ್ರಿಗಳು ಕೇಳಿದರು: "ಅಮ್ಮ, ಸಿಮೆಂಟಿಗೆ ಬೆಲ್ಲ ಬಿದ್ರೆ ಏನಾಗ್ತದೆ?"

ನನ್ನ ತಲೆ ಮೊದಲೇ ಬಿಸಿಯಾಗಿತ್ತು. "ಗಟ್ಟಿಯಾಗಲ್ಲ. ಸಕ್ಕರೆ, ಬೆಲ್ಲ ಸಿಮೆಂಟಿಗೆ ಶತ್ರು. ಯಾಕೀಗ?" ಎಂದೆ.

"ಸುಮ್ನೆ ಕೇಳ್ದೆ" ಎಂದು ಟವೆಲಿನಲ್ಲಿ ಕೈ ಒರೆಸಿಕೊಂಡು ಬಸ್ಸಿಗೆ ಹೊರಟರು.

ಭಾನುವಾರ ನರ್ಸಮ್ಮನ ಅಣ್ಣ ಬಂದ. ಸ್ಲ್ಯಾಬು ಬಿಗಿದಿಲ್ಲವೆಂಬ ಸುದ್ದಿಗೆ ರಜೆಯಾದರೂ ಆಳುಗಳೆಲ್ಲ ಸೇರಿದ್ದರು. ಊರಿನಲ್ಲಿ ಎರಡು ಮಳಿಗೆ ಕಟ್ಟಿಸಿದ ಅನುಭವ ಆತನಿಗೆ. ಏಣಿ ಹತ್ತಿ, ಕೋಲಿನಿಂದ ಸ್ಲ್ಯಾಬು ಗೀರಿ, ಅಲ್ಲಿಂದಲೇ ಶುರು ಮಾಡಿದ: "ಕಾರ್ಖಾನೆ ಕಸ ತಂದು ತಲೆ ಮೇಲೆ ಸುರಿದಿದೀರಲ್ರೀ! ಕಾಲೇಜು ಮುಗ್ಸಿ ನಿನ್ನೆ ಬಂದ ಹುಡುಗಿ ಕೈಲಿ ಮನೆ ಕಟ್ಸಿದ್ರೆ ಇನ್ನೇನಾಗುತ್ತೆ? ನಾಳೆನೇ ಒಡೆದು ಹಾಕಿ." ಯಜಮಾನರು ಕನ್ನಡಕ ತೆಗೆದು ಒರೆಸುತ್ತಾ ನಿಂತಿದ್ದರು. ನನ್ನ ಕಡೆ ನೋಡದೆ, "ಮಿಕ್ಸ್ ನಿಂದಲ್ಲವೇನಮ್ಮ. ಒಡೆಸೋಣ. ಇನ್ಮೇಲೆ ಕಿಟ್ಟನೂ ಬೇಡ, ಟಾನಿಕ್ಕೂ ಬೇಡ. ನೀನು ಸ್ವಲ್ಪ ದಿನ ಮನೆಗೆ ಹೋಗಿ ಬಾ" ಎಂದರು. ಹೋಗಿ ಬಾ ಎಂದರೆ ಏನೆಂದು ನನಗೆ ಅರ್ಥವಾಯಿತು. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ನೂರು ಸಲ ನೋಡಿದ್ದೆ, ಕಂಡಿರಲಿಲ್ಲ. ತಪ್ಪು ನನ್ನದೇ ಇರಬೇಕು ಎಂದು ಬಾಯಿ ತೆರೆಯುವುದರಲ್ಲಿದ್ದೆ.

ಮೇಸ್ತ್ರಿಗಳು ಹೆಗಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಸಾರ್, ಅವರದಲ್ಲ. ನಾನು ಬೆಲ್ಲ ಹಾಕ್ದೆ."

ಯಾರಿಗೂ ಅರ್ಥವಾಗಲಿಲ್ಲ.

"ಕಿಟ್ಟ ಗಾರೆಯ ನೆಂಟ ಅಂತ ಇಂಜಿನಿಯರಮ್ಮ ಹೇಳಿದ್ರು. ಗಾರೆಗೆ ನಮ್ಮಪ್ಪ ಬೆಲ್ಲ ಹಾಕೋರು. ಅಮ್ಮನ ಮೊದ್ಲನೇ ಸ್ಲ್ಯಾಬು, ಬಲವಾಗಿ ನಿಲ್ಲಲಿ ಅಂತ ಮನೇಲೇ ಬೆಲ್ಲ ಕರಗಿಸಿ ಕ್ಯಾನಿನಲ್ಲಿ ತಂದು ಡ್ರಮ್ಮಿನ ನೀರಿಗೆ ಹಾಕ್ದೆ. ಡ್ರಮ್ಮಿಗೆ ಅರ್ಧ ಕೆಜಿ ಲೆಕ್ಕ. ಅವರಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ."

ಅದು ನಿಜವಾಗಿತ್ತು. ಅವರು ಬಾಯಿ ಬಿಡದಿದ್ದರೆ ಈ ಜನ್ಮದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಕಿಟ್ಟದ ತಲೆಗೆ, ಟಾನಿಕ್ಕಿನ ತಲೆಗೆ, ನನ್ನ ತಲೆಗೆ ಕಟ್ಟಿ ಎಲ್ಲರೂ ಮನೆಗೆ ಹೋಗುತ್ತಿದ್ದರು. ನರ್ಸಮ್ಮನ ಅಣ್ಣ ಜೋರಾಗಿ ನಕ್ಕ. "ಪಾಯಸ ಮಾಡೋಕೆ ಹೊರಟಿದ್ಯಾ? ನಲವತ್ತು ವರ್ಷ ಏನ್ ಕೆಲಸ ಕಲಿತೆಯೋ ಮಾರಾಯ?" ತಮ್ಮ ಆಳುಗಳ ಎದುರು, ಸ್ಲ್ಯಾಬಿಗೆ ಹಲಗೆ, ಕಂಬ ಕೊಟ್ಟಿದ್ದ ಸೆಂಟ್ರಿಂಗ್ ಕೆಲಸದವರ ಎದುರು, ಏಕವಚನದಲ್ಲಿ ಆಡಿದ ಆ ಮಾತನ್ನು ಮೇಸ್ತ್ರಿಗಳು ತಲೆ ತಗ್ಗಿಸಿ ಕೇಳಿಸಿಕೊಂಡರು.

ನರ್ಸಮ್ಮ ನನ್ನ ಹತ್ತಿರ ಬಂದರು. "ಅದೆಲ್ಲಾ ಇರ್ಲಿ. ಇನ್ನು ಗಟ್ಟಿಯಾಗುತ್ತಾ, ಇಲ್ವಾ? ಅಷ್ಟು ಹೇಳಿ."

ಕಾರಣ ತಿಳಿದ ಕೂಡಲೇ ನನಗೆ ಧೈರ್ಯ ಬಂದಿತ್ತು. "ಆಗುತ್ತೆ. ಈ ಪ್ರಮಾಣದ ಬೆಲ್ಲ ತಡ ಮಾಡುತ್ತೆ, ಸಾಯಿಸಲ್ಲ. ಒಣಗೋಕೆ ಬಿಡಬಾರದು, ಕೆಳಗಿನ ಆಸರೆ ಕಂಬಗಳನ್ನ ಮುಟ್ಟಬಾರದು. ಒಂದು ವಾರ ಕೊಡಿ. ಒಂದು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸ್ತೀನಿ. ಬಲ ಬರದೆ ಇದ್ರೆ ನಾನೇ ನಿಂತು ಒಡೆಸ್ತೀನಿ."

"ಜ್ವರ ಇಳೀಲಿಲ್ಲ ಅಂತ ಮೂರನೇ ದಿನಕ್ಕೇ ಯಾರಾದ್ರೂ ಪೇಷೆಂಟ್‌ನ ಕೈ ಬಿಡ್ತಾರಾ? ಕಾಯೋಣ" ಎಂದು ಅವರು ಅಣ್ಣನ ಕಡೆ ತಿರುಗಿದರು. "ಮನೆ ನಂದು ಅಣ್ಣ."

ಸೋಮವಾರದಿಂದ ಮೇಸ್ತ್ರಿಗಳು ಬೇರೆ ಕೆಲಸಕ್ಕೆ ಹೋಗಲಿಲ್ಲ. ಬೆಳಗ್ಗೆ ಬಂದು ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ನೆನೆಸಿದ ಗೋಣಿಗಳನ್ನು ನಿಧಾನಕ್ಕೆ ಹಾಸುತ್ತಾ, ಮಧ್ಯೆ ಮಧ್ಯೆ ಬೆರಳೊತ್ತಿ ನೋಡುತ್ತಾ ಸಂಜೆಯವರೆಗೂ ಇರುತ್ತಿದ್ದರು. ಆ ದಿನಗಳಲ್ಲೊಮ್ಮೆ ನಾನು ಕೇಳಿದೆ: ಯಾಕೆ ಹೇಳಿಬಿಟ್ಟಿರಿ? ಸುಮ್ಮನಿದ್ದಿದ್ದರೆ ನಿಮ್ಮ ಹೆಸರು ಉಳಿಯುತ್ತಿತ್ತಲ್ಲ? ಅವರು ಗೋಣಿ ಸರಿಮಾಡುತ್ತಾ ಅಂದರು: "ಹಸಿ ಇದ್ದಾಗ ಹೇಳಿದ್ರೆ ಕರಣೆಯಿಂದ ತೀಡಿ ಸರಿ ಮಾಡ್ಬೋದು ಅಮ್ಮ. ಒಣಗಿದ್ ಮೇಲೆ ಉಳಿ, ಸುತ್ತಿಗೆ ಬೇಕಾಗ್ತದೆ." ನಾನು ತಲೆಯಾಡಿಸಿದೆ. ಮಾತು ಚೆನ್ನಾಗಿದೆ ಎನಿಸಿತ್ತು, ಅಷ್ಟೆ.

ಬುಧವಾರ ಮಧ್ಯಾಹ್ನ ಮೇಲಿನಿಂದ ಕೂಗಿದರು. ನಾನು ಹತ್ತಿ ಹೋದಾಗ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಸ್ಲ್ಯಾಬಿಗೆ ಬಡಿದರು. ಟಣ್ ಎಂದಿತು. ಇನ್ನೊಂದು ಮೂಲೆಗೆ ಹೋಗಿ ಬಡಿದರು, ಅಲ್ಲೂ ಟಣ್. ಇಡೀ ಸ್ಲ್ಯಾಬಿನ ಮೇಲೆ ಕುಪ್ಪಳಿಸುತ್ತಾ ನಾಣ್ಯ ಬಡಿದ ಆ ಅರವತ್ತು ಸಮೀಪಿಸಿದ ಮನುಷ್ಯನನ್ನು ನೋಡಿ ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ತಿಂಗಳು ಕಳೆದ ಮೇಲೆ ಕಾಲೇಜೊಂದರಿಂದ, ಬಡಿದು ಬಲ ಅಳೆಯುವ ಪರೀಕ್ಷೆಯ ಸುತ್ತಿಗೆ ಎರವಲು ತಂದು ನೋಡಿದೆವು. ಬೇಕಾದ್ದಕ್ಕಿಂತ ಒಂದು ಕೈ ಹೆಚ್ಚೇ ಬಲ ಬಂದಿತ್ತು. ಯಜಮಾನರು ಕಿಟ್ಟವನ್ನೂ ಟಾನಿಕ್ಕನ್ನೂ ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ.

ಹೆಸರು ಹೋದದ್ದು ಮೇಸ್ತ್ರಿಗಳದ್ದು. ಭದ್ರಾವತಿಯಲ್ಲಿ ಕೆಲಸದವರು ಬೆಳಗ್ಗೆ ಸೇರುವ ಸರ್ಕಲ್ಲಿನ ಟೀ ಅಂಗಡಿಗೆ ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು. ಅವತ್ತು ಅಲ್ಲಿದ್ದ ಸೆಂಟ್ರಿಂಗ್ ಕಂಟ್ರಾಕ್ಟರೊಬ್ಬ ಅವರಿಗೆ ಬೆಲ್ಲದ ಮೇಸ್ತ್ರಿ ಎಂದು ಹೆಸರಿಟ್ಟ. "ಮೇಸ್ತ್ರಿಗೆ ಟೀ ಸಕ್ಕರೆದಾ, ಬೆಲ್ಲದ್ದಾ?" ಎಂದು ಕೇಳುವುದು ದಿನದ ತಮಾಷೆಯಾಯಿತು. ಗೋಡೆ, ಗಿಲಾವಿಗೆ ಕರೆಯುತ್ತಿದ್ದವರು ಸ್ಲ್ಯಾಬಿಗೆ ಮಾತ್ರ ಅವರನ್ನು ಕರೆಯುವುದು ಬಿಟ್ಟರು. ನಲ್ಲಿಯ ಹತ್ತಿರ ಅವರ ಹೆಂಡತಿಗೂ ಬೆಲ್ಲದವರು ಎಂಬ ಹೆಸರು ಬಿತ್ತು. ಒಮ್ಮೆ ನಾನು ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಆಕೆ ಸಾರು ಬಡಿಸುತ್ತಾ ತಾವಾಗಿಯೇ ಅಂದರು: "ಅವರು ಹೆಸರಿಗೋಸ್ಕರ ಕೊರಗ್ತಾರೆ. ನಾನ್ ಹೇಳ್ದೆ, ಹೆಸರು ಹೋದ್ರೆ ಹೋಗ್ಲಿ, ಆ ಮಗು ಕೆಲಸ ಉಳೀತಲ್ಲ ಅಂತ. ನೀನು ತಿನ್ನು ಕಣ್ಣು."

ನಾನು ತಲೆ ತಗ್ಗಿಸಿ ತಿಂದೆ. ತಲೆ ತಗ್ಗಿಸಲು ಕಾರಣವಿತ್ತು.

ಸ್ಲ್ಯಾಬು ಗಟ್ಟಿಯಾಗಿ ಹತ್ತು ದಿನ ಕಳೆದಿರಬಹುದು, ಮುಂದಿನ ಸೈಟಿಗೆ ಸಾಮಾನು ಜೋಡಿಸುತ್ತಿದ್ದೆ. ಟಾನಿಕ್ ಅಳೆಯಲು ಎಣ್ಣೆ ಅಂಗಡಿಯಿಂದ ತಂದ ಎರಡು ಅಲ್ಯೂಮಿನಿಯಂ ಅಳತೆಗಳಿದ್ದವು. ನೂರು ಮಿಲಿಯದೊಂದು, ಇನ್ನೂರರದೊಂದು. ಚೀಲಕ್ಕೆ ನೂರು ಹಾಕಬೇಕು. ಅವತ್ತು ಸೈಟಿಗೆ ಒಯ್ದಿದ್ದ ಅಳತೆಯ ತಳದಲ್ಲಿ ಸಿಮೆಂಟು ಮೆತ್ತಿತ್ತು. ತೊಳೆಯೋಣವೆಂದು ಕೆರೆದೆ. ಇನ್ನೂರು ಎಂದಿತ್ತು. ಇಡೀ ಸ್ಲ್ಯಾಬಿಗೆ ಚೀಲವೊಂದಕ್ಕೆ ಎರಡು ಪಾಲು ಟಾನಿಕ್ ಹಾಕಿದ್ದೆ. ಟಾನಿಕ್ ಹೆಚ್ಚಾದರೂ ಕಾಂಕ್ರೀಟು ಗಟ್ಟಿಯಾಗುವುದು ತಡವಾಗುತ್ತದೆ. ಬೆಲ್ಲ ಒಂದೇ ಆಗಿದ್ದರೆ ಶನಿವಾರದ ಹೊತ್ತಿಗೆ ಬಹುಶಃ ಬಿಗಿದುಕೊಳ್ಳುತ್ತಿತ್ತೇನೋ. ಆರು ದಿನ ಎಳೆದದ್ದು ಇಬ್ಬರ ತಪ್ಪೂ ಸೇರಿ.

ಅಳತೆಯನ್ನು ತೊಳೆದು ಗೂಟಕ್ಕೆ ನೇತುಹಾಕಿದೆ. ಯಾರಿಗೂ ಹೇಳಲಿಲ್ಲ. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಪರೀಕ್ಷೆ ಮುಗಿಯಿತು, ಯಜಮಾನರಿಗೆ ನಂಬಿಕೆ ಈಗಷ್ಟೇ ಬಂದಿದೆ, ಇನ್ನೊಂದಿಷ್ಟು ದಿನ ಹೋಗಲಿ ಎಂದುಕೊಂಡೆ. ಹಾಗೆ ಹೋದದ್ದು ಹನ್ನೊಂದು ವರ್ಷ. ಹೇಡಿತನಕ್ಕೆ ಬೇರೆ ಹೆಸರು ಹುಡುಕುವುದರಲ್ಲಿ ನಾನು ಜಾಣೆ.

ನಮ್ಮ ಶೆಡ್ಡಿನ ಸ್ಲ್ಯಾಬುಗಳಿಗೆ ಮಾತ್ರ ನಾನು ಅವರನ್ನು ಬಿಟ್ಟು ಬೇರೆ ಮೇಸ್ತ್ರಿಯನ್ನು ಕರೆಯಲಿಲ್ಲ. ಅದನ್ನು ಊರಿನವರು ನನ್ನ ದೊಡ್ಡತನ ಎಂದುಕೊಂಡರು, ನಾನೂ ಹಾಗೇ ಬಿಟ್ಟೆ. ಅವರು ಬೆಲ್ಲದ ವಿಷಯವನ್ನು ಮುಚ್ಚಿಡಲಿಲ್ಲ. ಒಂದು ಬೇಸಿಗೆಯಲ್ಲಿ ಬಿಸಿಲಿಗೆ ಕಾಂಕ್ರೀಟು ಬಾಂಡ್ಲಿಯಲ್ಲೇ ಬಿಗಿಯತೊಡಗಿದಾಗ, "ಅಮ್ಮ, ತಡ ಆಗ್ಬೇಕು ಅಂದ್ರೆ ನಮ್ಮ ಬೆಲ್ಲನೇ ಇದೆಯಲ್ಲ. ಈ ಸಲ ತೂಕ ಹಾಕಿ ಹಾಕೋಣ" ಎಂದರು. ಹೌದಲ್ಲ ಎನಿಸಿತು. ಶೆಡ್ಡಿನಲ್ಲಿ ಅಚ್ಚುಗಳಿಟ್ಟು, ಗ್ರಾಂ ಲೆಕ್ಕದಲ್ಲಿ ಬೆಲ್ಲ ತೂಗಿ, ಇಬ್ಬರೂ ಒಂದು ತಿಂಗಳು ಪರೀಕ್ಷೆ ಮಾಡಿದೆವು. ತೂಗಲು ಅವರು ಎಲ್ಲಿಂದಲೋ ಅಕ್ಕಸಾಲಿಗರ ಪುಟ್ಟ ತಕ್ಕಡಿ ತಂದಿದ್ದರು. ಶಂಕರಘಟ್ಟದ ವಿಶ್ವವಿದ್ಯಾಲಯದ ಕಡೆಯಿಂದ ಬಂದ ವಿದ್ಯಾರ್ಥಿಗಳ ಮುಂದೆ ಆ ತಕ್ಕಡಿ ಹಿಡಿದು ನಿಂತು, "ನಾನೇ ಬೆಲ್ಲದ ಮೇಸ್ತ್ರಿ. ಅಳತೆ ಗೊತ್ತಿಲ್ದೆ ಹಾಕಿದ್ರೆ ಏನಾಗ್ತದೆ ಅಂತ ನನ್ನ ಕೇಳಿ" ಎಂದು ನಗುತ್ತಿದ್ದರು. ಪಕ್ಕದಲ್ಲೇ ನಿಂತಿದ್ದ ನಾನೂ ನಗುತ್ತಿದ್ದೆ.

ಅವರ ಹೆಂಡತಿ ತೀರಿಕೊಂಡದ್ದು ಎರಡು ಸಾವಿರದ ಆಚೆಗಿನ ಯಾವುದೋ ಮಾಘ ಮಾಸದಲ್ಲಿ. ಸಕ್ಕರೆ ಕಾಯಿಲೆ. ಅದಾಗಿ ಎರಡು ಮೂರು ವರ್ಷಕ್ಕೆ ಮೇಸ್ತ್ರಿಗಳಿಗೂ ಉಸಿರು ಕಟ್ಟುವುದು ಶುರುವಾಯಿತು. ಧೂಳು ಕುಡಿದ ಶ್ವಾಸಕೋಶ. ಕೆಲಸ ಬಿಟ್ಟು ಮಗಳ ಜೊತೆ ಮನೆಯಲ್ಲೇ ಇದ್ದರು. ವಾರಕ್ಕೊಮ್ಮೆ ಭದ್ರಾವತಿಗೆ ಹೋಗಿ ಹಜಾರದ ಮಂಚದ ಪಕ್ಕ ಕೂತು ಬರುತ್ತಿದ್ದೆ. ಹಾಗೊಂದು ದಿನ ಅವರು ನನ್ನ ಕೆಲಸದ ಹುಡುಗರನ್ನು ವಿಚಾರಿಸುತ್ತಾ, "ತಪ್ಪು ಮಾಡಿದ್ರೆ ಬೈಬೇಡಿ ಅಮ್ಮ, ಒಪ್ಕೊಳ್ಳೋಕೆ ಜಾಗ ಕೊಡಿ" ಎಂದರು. ತಡೆಯಲಾಗಲಿಲ್ಲ. ಅಳತೆಯ ವಿಷಯ ಹೇಳಿಬಿಟ್ಟೆ.

ಮೊದಲು ಅವರಲ್ಲಿನ ಮೇಸ್ತ್ರಿ ಎದ್ದು ಕೂತ. "ಡಬಲ್ಲಾ? ಹಂಗೆ ಹೇಳಿ ಮತ್ತೆ! ನಾನು ಅಂದ್ಕೊಂಡಿದ್ದೆ, ಅರ್ಧ ಕೆಜಿ ಬೆಲ್ಲಕ್ಕೆ ಅಷ್ಟು ದಿನ ಹೆಂಗೆ ಹಿಡೀತು ಅಂತ." ಕಣ್ಣು ಹೊಳೆಯುತ್ತಿತ್ತು. ಆಮೇಲೆ ನಿಧಾನವಾಗಿ ಮುಖ ಬದಲಾಯಿತು.

"ನಿಮಗೆ ಯಾವತ್ತು ಗೊತ್ತಾಯ್ತು?"

"ಹತ್ತು ದಿನಕ್ಕೆ."

"ಹತ್ತು ದಿನಕ್ಕೆ" ಎಂದು ಅವರು ಗೋಡೆಯ ಕಡೆ ಮಗ್ಗಲು ತಿರುಗಿದರು. ಆ ಕಡೆಗೇ ಮುಖ ಮಾಡಿಕೊಂಡು ಅಂದರು: "ನನಗೆ ಬಿಡಿ. ಅವಳಿಗಾದ್ರೂ ಒಂದ್ ಮಾತು ಹೇಳ್ಬೋದಿತ್ತು. ನಲ್ಲಿ ಹತ್ರ ಹೋಗೋಕೇ ಹಿಂಜರಿಯೋಳು. ನಿಮ್ಮ ಡಬ್ಬಿ ಮಾತ್ರ ಒಂದಿನ ತಪ್ಪಿಸ್ಲಿಲ್ಲ."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಹನ್ನೊಂದು ವರ್ಷದಲ್ಲಿ ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. ಹೊರಡಲು ಎದ್ದಾಗ ಮಾತ್ರ ಕರೆದರು. "ಅಮ್ಮ. ನನಗೆ ಹೇಳಿದ್ರೆ ಏನಾಯ್ತು, ಬೆಲ್ಲ ಹಾಕಿದ್ದು ನನಗೆ ಗೊತ್ತೇ ಇದೆ. ಸರ್ಕಲ್ಲಿಗೆ ಹೋಗಿ ಹೇಳಿ."

ಮರುದಿನ ಬೆಳಗ್ಗೆ ಏಳಕ್ಕೆ 'ಹೋಗಿ ಹೇಳಿದೆ' ಎಂದು ಇಲ್ಲಿ ಬರೆಯುವುದು ಸುಲಭ. ಟೀ ಅಂಗಡಿಯ ಮುಂದೆ ಕರಣೆ, ಬಾಂಡ್ಲಿ ಹಿಡಿದು ನಿಂತ ಇಪ್ಪತ್ತು ಮೂವತ್ತು ಜನ. ಹೇಳಿದೆ. ಹಿರಿಯನೊಬ್ಬ, "ಬಿಡಿ ಮೇಡಂ, ಯಾವ ಕಾಲದ್ದೋ" ಎಂದ. "ಬಿಡೋದಲ್ಲ, ಪೂರ್ತಿ ಕೇಳಿಸ್ಕೊಳ್ಳಿ" ಎಂದು ಅಳತೆಯ ವಿಷಯದಿಂದ ಮತ್ತೆ ಹೇಳಿದೆ. ಯಾರೋ ಹಿಂದಿನಿಂದ, "ಹಂಗಾದ್ರೆ ಇನ್ಮೇಲೆ ಟಾನಿಕ್ ಮೇಡಂ ಅನ್ನಬೋದಾ?" ಎಂದ. ಎಲ್ಲರೂ ನಕ್ಕರು. ಅನ್ನಿ ಎಂದೆ. ಈಗಲೂ ಭದ್ರಾವತಿಯಲ್ಲಿ ಕೆಲವರು ಹಾಗೇ ಕರೆಯುತ್ತಾರೆ.

ಮೇಸ್ತ್ರಿಗಳಿಗೆ ಹೋಗಿ ವರದಿ ಒಪ್ಪಿಸಿದೆ. ಯಾರ್ಯಾರು ಇದ್ದರು ಎಂದು ಒಬ್ಬೊಬ್ಬರನ್ನೇ ಕೇಳಿದರು. "ಸೆಂಟ್ರಿಂಗಿನವನು?" ತನ್ನ ಮಗಳ ಊರಿಗೆ ಹೋಗಿದ್ದಾನಂತೆ ಎಂದೆ. "ಹೆಸರಿಟ್ಟವನೇ ಇರ್ಲಿಲ್ಲ ಅಂದ್ರೆ ಹೆಂಗೆ? ಅವನು ಬಂದ್ಮೇಲೆ ಇನ್ನೊಂದ್ಸಲ ಹೋಗಿ" ಎಂದರು. ಮುಖದಲ್ಲಿ ಹಳೆಯ ತುಂಟತನ ವಾಪಸ್ ಬಂದಿತ್ತು. ವಾರ ಕಳೆದು ಇನ್ನೊಮ್ಮೆ ಹೋದೆ. ಆತ ಟೀ ಲೋಟ ಕೆಳಗಿಟ್ಟು ಪೂರ್ತಿ ಕೇಳಿದ. ಆ ಸಂಜೆ ಮೇಸ್ತ್ರಿಗಳ ಮನೆಗೆ ಹೋಗಿ, ಮಂಚದ ಪಕ್ಕ ಅರ್ಧ ಗಂಟೆ ಕೂತು ಬಂದನಂತೆ.

ಅದಾದ ಮೇಲೆ ಅವರು ಮೂರು ತಿಂಗಳು ಇದ್ದರು. ನಮ್ಮ ಮಾತುಕತೆ ಮೊದಲಿನ ಹಾಗೇ ಆಯಿತು. ನನ್ನ ಹೊಸ ಸೈಟಿನ ಮರಳನ್ನು ಪೊಟ್ಟಣ ಕಟ್ಟಿ ಒಯ್ದರೆ ಮಲಗಿದ್ದಲ್ಲೇ ಕಿವಿಯ ಹತ್ತಿರ ಉಜ್ಜಿ ನೋಡಿ ತೀರ್ಪು ಕೊಡುತ್ತಿದ್ದರು. ಆಷಾಢದ ಒಂದು ಮಧ್ಯಾಹ್ನ ಹೋದರು. ಮಣ್ಣಿಗೆ ಹೊರುವಾಗ ಸರ್ಕಲ್ಲಿನ ಗಾರೆ ಕೆಲಸದವರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಮುಂದಿನ ಹೆಗಲು ಸೆಂಟ್ರಿಂಗಿನವನದು.

ಎಲ್ಲ ಮುಗಿಸಿ ಮನೆಗೆ ಬಂದಾಗ ಮಗಳು ನೀರು ಕೊಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾಯಿಯದೇ ದನಿಯಲ್ಲಿ, "ಸಾಪ್ಟಿಯಾ ಅಕ್ಕಾ?" ಎಂದಳು. ನನ್ನ ತಪ್ಪನ್ನು ಮೇಸ್ತ್ರಿಗಳಿಗೆ ಹೇಳಿದ್ದೇನೆ, ಸರ್ಕಲ್ಲಿಗೆ ಎರಡು ಸಲ ಹೇಳಿದ್ದೇನೆ, ಈಗ ಓದುವ ನಿಮಗೂ ಹೇಳಿದೆ. ಕೇಳಬೇಕಾಗಿದ್ದವರು ಎಂಟು ವರ್ಷ ನನ್ನೆದುರು ತಟ್ಟೆ ಇಟ್ಟು, ತಿನ್ನು ಕಣ್ಣು ಎಂದು ಕೂತಿದ್ದರು. ನಾನು ತಿಂದು, ಕೈ ತೊಳೆದು, ಎದ್ದು ಬರುತ್ತಿದ್ದೆ.